ಮಿದುಳಿನ ಚಿತ್ರ ಬಂತು, ಬಾಣ ಬರಲಿಲ್ಲ: ಎಂಎನ್‌ಇ-ಪೈಥಾನ್ ಬಳಸುವವರಿಗೆ ಹುಡುಕುವ ದಾರಿ

ಹಾಸನಾಂಬೆ ದರ್ಶನಕ್ಕೆಂದು ಊರಿಗೆ ಬಂದಿದ್ದ ಅಕ್ಕನ ಮಗಳು, ದೇವಸ್ಥಾನದ ಸಾಲಿನಲ್ಲಿ ನಿಂತದ್ದಕ್ಕಿಂತ ಹೆಚ್ಚು ಹೊತ್ತು ನಮ್ಮ ಮನೆಯ ಊಟದ ಮೇಜಿನ ಮುಂದೆ ಲ್ಯಾಪ್‌ಟಾಪ್ ಹಿಡಿದು ಕೂತಿದ್ದಳು. ಎಂ.ಟೆಕ್ ಪ್ರಾಜೆಕ್ಟಿಗೆ ಎಂಇಜಿ, ಅಂದರೆ ಮಿದುಳಿನ ಕಾಂತಕ್ಷೇತ್ರದ ಅಳತೆಯ ಡೇಟಾ ತೆಗೆದುಕೊಂಡಿದ್ದಾಳೆ. ಅಂಥ ಡೇಟಾವನ್ನು ಲೆಕ್ಕ ಹಾಕಿ ಚಿತ್ರ ಬಿಡಿಸುವ ಎಂಎನ್‌ಇ-ಪೈಥಾನ್ ಎಂಬ ಸಾಫ್ಟ್‌ವೇರು ಬಳಸುತ್ತಿದ್ದಳು. ತೆರೆಯ ಮೇಲೆ ಮಿದುಳು ಚೆನ್ನಾಗಿಯೇ ಬಂದಿತ್ತು. ಮಡಿಕೆ ಮಡಿಕೆಯೂ ಸ್ಪಷ್ಟ, ಪಕ್ಕದಲ್ಲಿ ಬಣ್ಣದ ಪಟ್ಟಿ, ಕೆಳಗೆ ಸಮಯದ ಗೆರೆ. ವಿದ್ಯುತ್ ಪ್ರವಾಹ ಯಾವ ಕಡೆಗೆ ಹರಿಯುತ್ತಿದೆ ಎಂದು ತೋರಿಸಬೇಕಿದ್ದ ಬಾಣಗಳು ಮಾತ್ರ ಒಂದೂ ಇಲ್ಲ.

"ಮಾವ, ನಾಲ್ಕು ಸಲ ತೆಗೆದು ಮತ್ತೆ ಇನ್‌ಸ್ಟಾಲ್ ಮಾಡ್ದೆ. ಬಾಣಾನೇ ಬರ್ತಿಲ್ಲ."

"ಅದಿರಲಿ, ನಿನ್ನ ಡೇಟಾದ ಶೇಪ್ ಎಷ್ಟಿದೆ ಹೇಳು."

"ಅದ್ಯಾಕೆ? ತೊಂದ್ರೆ ಇರೋದು ಚಿತ್ರದಲ್ಲಲ್ವಾ?"

ಹೆಚ್ಚಿನವರು ಎಡವುವುದು ಇಲ್ಲೇ. ಬಾಣ ಕಾಣಲಿಲ್ಲ ಎಂದ ತಕ್ಷಣ ಗ್ರಾಫಿಕ್ಸ್ ಕಾರ್ಡು, ಡ್ರೈವರ್, ವರ್ಷನ್ ಎಂದು ಓಡುತ್ತೇವೆ. ನಾನು ಇಲ್ಲಿಯವರೆಗೆ ಬಿಡಿಸಿದ ಇಂಥ ಗಂಟುಗಳಲ್ಲಿ ಬಹುಪಾಲು ಅಲ್ಲಿಗೆ ಹೋಗುವ ಮೊದಲೇ ಬಿಚ್ಚಿಕೊಂಡಿವೆ. ಕೇಳಬೇಕಾದ ಪ್ರಶ್ನೆ ನಾಲ್ಕು, ಅವನ್ನು ಕೇಳುವ ಕ್ರಮವೂ ಮುಖ್ಯ. ಡೇಟಾದಲ್ಲಿ ದಿಕ್ಕು ಇದೆಯೇ? ನಾವು ನೋಡುತ್ತಿರುವ ಗಳಿಗೆಯಲ್ಲಿ, ನೋಡುತ್ತಿರುವ ಬದಿಯಲ್ಲಿ ಏನಾದರೂ ನಡೆಯುತ್ತಿದೆಯೇ? ಬಾಣ ಬಂದಿದ್ದೂ ಕಣ್ಣಿಗೆ ಬೀಳದಷ್ಟು ಚಿಕ್ಕದಾಗಿದೆಯೇ, ಇಲ್ಲವೇ ಯಾವುದಾದರೂ ಮರೆಯಲ್ಲಿದೆಯೇ? ಈ ಮೂರೂ ಸರಿಯಿದ್ದರೆ ಮಾತ್ರ ನಾಲ್ಕನೆಯದು: ಕಂಪ್ಯೂಟರಿಗೆ ಅದನ್ನು ಬಿಡಿಸುವ ಶಕ್ತಿ ಇದೆಯೇ?

ಕೋಡಿನಲ್ಲಿ ಬರುವ ಹೆಸರುಗಳನ್ನು ಇಲ್ಲಿ ಉಚ್ಚಾರಣೆಯಂತೆ ಬರೆದಿದ್ದೇನೆ. ಟೈಪ್ ಮಾಡುವಾಗ ಹೆಚ್ಚಿನವಕ್ಕೆ ಇಂಗ್ಲಿಷಿನ ಸಣ್ಣ ಅಕ್ಷರ ಬಳಸಿ, ಎರಡು ಪದಗಳ ನಡುವೆ ಅಂಡರ್‌ಸ್ಕೋರ್ ಹಾಕಿ. ಫಾಲ್ಸ್ ಮತ್ತು ಪೈವಿಸ್ಟಾದ ಆರೋ ಎಂಬವುಗಳ ಮೊದಲಕ್ಷರ ಮಾತ್ರ ದೊಡ್ಡದು, ಸಿ-ಲಿಮ್ ಒಂದೇ ಪದ.

ದಿಕ್ಕು ಉಳಿದಿದೆಯೇ, ಮೊದಲು ಅದನ್ನು ನೋಡಿ

ಎಂಇಜಿ ಯಂತ್ರ ತಲೆಯ ಹೊರಗಿನಿಂದ ಅಳೆಯುವುದು ಕಾಂತಕ್ಷೇತ್ರವನ್ನು. ನರಕೋಶಗಳ ಗುಂಪು ಒಟ್ಟಾಗಿ ಮಿಡಿದಾಗ ಹುಟ್ಟುವ ಈ ಕ್ಷೇತ್ರ ಸುಮಾರು 100 ಫೆಮ್ಟೋಟೆಸ್ಲಾದ ಆಸುಪಾಸಿನಲ್ಲಿರುತ್ತದೆ. ಭೂಮಿಯ ಕಾಂತಕ್ಷೇತ್ರಕ್ಕೆ ಹೋಲಿಸಿದರೆ ಕೋಟಿಗಟ್ಟಲೆ ಪಟ್ಟು ಕ್ಷೀಣ. ಹೊರಗಿನ ಈ ಅಳತೆಯಿಂದ ಒಳಗೆ ಎಲ್ಲಿ, ಎಷ್ಟು, ಯಾವ ದಿಕ್ಕಿಗೆ ಪ್ರವಾಹ ಇತ್ತು ಎಂದು ಹಿಂದಕ್ಕೆ ಲೆಕ್ಕ ಹಾಕುವುದಕ್ಕೆ ಇನ್‌ವರ್ಸ್ ಎನ್ನುತ್ತಾರೆ. ಈ ಲೆಕ್ಕದಿಂದ ಪ್ರತಿಯೊಂದು ಬಿಂದುವಿಗೂ ಮೂರು ಸಂಖ್ಯೆ ಬರಬಹುದು, ಒಂದೊಂದು ಅಕ್ಷಕ್ಕೆ ಒಂದೊಂದು. ಪಿಯುಸಿ ಭೌತಶಾಸ್ತ್ರದಲ್ಲಿ ಓದಿದ ಸದಿಶ ಎಂದರೆ ಇದೇ. ಮೂರೂ ಸಂಖ್ಯೆ ಉಳಿದರೆ ಬಾಣ ಬಿಡಿಸಬಹುದು. ಮೂರನ್ನೂ ಕೂಡಿಸಿ ಒಂದೇ ಪ್ರಮಾಣವನ್ನಾಗಿ ಮಾಡಿಬಿಟ್ಟರೆ ದಿಕ್ಕು ಹೋಯಿತು, ಬಣ್ಣವಷ್ಟೇ ಉಳಿಯುತ್ತದೆ.

ಎಂಎನ್‌ಇ-ಪೈಥಾನ್‌ನಲ್ಲಿ ಅಪ್ಲೈ ಇನ್‌ವರ್ಸ್ ಎಂಬ ಫಂಕ್ಷನ್ ಕರೆಯುವಾಗ ಪಿಕ್ ಓರಿ ಎಂಬ ಆಯ್ಕೆಯೊಂದಿದೆ. ಅದಕ್ಕೆ ಏನನ್ನೂ ಕೊಡದೆ ಬಿಟ್ಟರೆ ಸಾಫ್ಟ್‌ವೇರು ಮೂರು ಸಂಖ್ಯೆಗಳನ್ನು ಸೇರಿಸಿ ಪ್ರಮಾಣ ಮಾತ್ರ ಕೊಡುತ್ತದೆ. ನಾರ್ಮಲ್ ಎಂದು ಕೊಟ್ಟರೆ ಮಿದುಳಿನ ಮೇಲ್ಮೈಗೆ ಲಂಬವಾದ ಭಾಗ ಮಾತ್ರ ಪ್ಲಸ್ ಇಲ್ಲವೇ ಮೈನಸ್ ಚಿಹ್ನೆಯೊಂದಿಗೆ ಬರುತ್ತದೆ. ಬಾಣ ಬೇಕೆಂದರೆ ವೆಕ್ಟರ್ ಎಂದೇ ಕೊಡಬೇಕು. ಈ ಆಯ್ಕೆ ಮರೆತರೆ ಯಾವ ಎರರ್ ಕೂಡ ಬರುವುದಿಲ್ಲ, ಚಿತ್ರ ಸಲೀಸಾಗಿ ಬಂದು ನಿಲ್ಲುತ್ತದೆ. ಹಾಗಾಗಿಯೇ ಇದು ಇಷ್ಟು ಜನರನ್ನು ಸತಾಯಿಸುತ್ತದೆ.

ಪರೀಕ್ಷೆ ಅರ್ಧ ನಿಮಿಷದ್ದು. ಫಲಿತಾಂಶದ ವಸ್ತುವಿನ ಡೇಟಾಗೆ ಶೇಪ್, ಅಂದರೆ ಯಾವ ಆಯಾಮದಲ್ಲಿ ಎಷ್ಟು ಅಂಕಿಗಳಿವೆ ಎಂದು ಕೇಳಿ. ಎಂಎನ್‌ಇ ಜೊತೆಗೆ ಸಿಗುವ ಸ್ಯಾಂಪಲ್ ಡೇಟಾಸೆಟ್‌ನ ಸಿದ್ಧ ಇನ್‌ವರ್ಸ್ ಬಳಸಿದರೆ ಮೇಲ್ಮೈಯಲ್ಲಿ 7498 ಬಿಂದುಗಳಿರುತ್ತವೆ. ಉತ್ತರದಲ್ಲಿ ಎರಡೇ ಸಂಖ್ಯೆ ಬಂದರೆ, ಅಂದರೆ 7498 ಮತ್ತು ಸಮಯದ ಬಿಂದುಗಳ ಲೆಕ್ಕ ಮಾತ್ರ, ದಿಕ್ಕು ಕಳೆದುಹೋಗಿದೆ. 7498, ನಡುವೆ 3, ಆಮೇಲೆ ಸಮಯ ಎಂದು ಮೂರು ಸಂಖ್ಯೆ ಬಂದರೆ ಬಾಣಕ್ಕೆ ಬೇಕಾದದ್ದು ಇದೆ. ವಸ್ತುವಿನ ಹೆಸರೂ ಗುಟ್ಟು ಬಿಟ್ಟುಕೊಡುತ್ತದೆ: ಬರೀ ಸೋರ್ಸ್ ಎಸ್ಟಿಮೇಟ್ ಎಂದಿದ್ದರೆ ಬಾಣವಿಲ್ಲ, ವೆಕ್ಟರ್ ಸೋರ್ಸ್ ಎಸ್ಟಿಮೇಟ್ ಎಂದಿರಬೇಕು.

ನಮ್ಮ ಹುಡುಗಿಗೆ ಬಂದದ್ದು ಎರಡೇ ಸಂಖ್ಯೆ. "ಅಯ್ಯೋ" ಅಂದಳು. ನಾಲ್ಕು ಸಲ ಇನ್‌ಸ್ಟಾಲ್ ಮಾಡಿದ್ದಕ್ಕೆ ಹೋದ ಮನೆಯ ಇಂಟರ್ನೆಟ್ ಡೇಟಾ ನೆನೆದು ನಾನೂ ಅಂದುಕೊಂಡೆ.

ಆಯ್ಕೆ ಸರಿಯಾಗಿದ್ದೂ ದಿಕ್ಕು ಸೋರಿಹೋಗುವ ದಾರಿಗಳು ಇನ್ನೂ ಮೂರು ಇವೆ. ಇನ್‌ವರ್ಸ್ ಆಪರೇಟರನ್ನು ಕಟ್ಟುವಾಗಲೇ ಫಿಕ್ಸ್ಡ್ ಎಂದು ಕಟ್ಟಿದ್ದರೆ ಎಲ್ಲ ಪ್ರವಾಹವೂ ಮೇಲ್ಮೈಗೆ ಲಂಬ ಎಂದು ಮೊದಲೇ ತೀರ್ಮಾನಿಸಿದಂತೆ. ಅಂಥದ್ದರಿಂದ ವೆಕ್ಟರ್ ಹೊರಡುವುದಿಲ್ಲ, ಲೂಸ್ ಆಯ್ಕೆ ಇಟ್ಟು ಹೊಸದಾಗಿ ಕಟ್ಟಬೇಕು. ಲೂಸ್‌ನ ಬೆಲೆ 0.2 ಆಗಿದ್ದರೆ ಬಾಣಗಳು ಬಹುಪಾಲು ಲಂಬವಾಗಿಯೇ ನಿಂತು ಸ್ವಲ್ಪ ವಾಲುತ್ತವೆ, 1 ಆದರೆ ಎತ್ತ ಬೇಕಾದರೂ ತಿರುಗುತ್ತವೆ. ಎರಡನೆಯದು, ನಡುವೆ ಎಲ್ಲೋ ಮ್ಯಾಗ್ನಿಟ್ಯೂಡ್ ಎಂಬ ಫಂಕ್ಷನ್ ಕರೆದು ಅದರ ಉತ್ತರವನ್ನು ಹಳೆಯ ಹೆಸರಿಗೇ ತುಂಬಿಬಿಡುವುದು. ಗರಿಷ್ಠ ಬಿಂದು ಹುಡುಕಲು ಆ ಫಂಕ್ಷನ್ ಬೇಕು, ಆದರೆ ಉತ್ತರಕ್ಕೆ ಬೇರೆ ಹೆಸರಿಡಿ. ಮೂರನೆಯದು ಫೈಲ್ ಉಳಿಸುವಾಗಿನ ಸೋರಿಕೆ. ವೆಕ್ಟರ್ ಫಲಿತಾಂಶ ಎಚ್‌ಡಿಎಫ್5 ಫೈಲಾಗಿ ಉಳಿಯುತ್ತದೆ. ಸ್ನೇಹಿತರು ಕೊಟ್ಟದ್ದು ಎಸ್‌ಟಿಸಿ ಎಂದು ಕೊನೆಯಾಗುವ ಹಳೆಯ ಬಗೆಯ ಫೈಲಾದರೆ ಅದರೊಳಗೆ ಬಾಣ ಹುಡುಕಬೇಡಿ, ಮೂಲ ಲೆಕ್ಕವನ್ನೇ ಕೇಳಿ.

ಸಮಯ ಮತ್ತು ಬದಿ

ವೆಕ್ಟರ್ ಮಾಡಿ ಮತ್ತೆ ಓಡಿಸಿದೆವು. ಈಗಲೂ ಬಾಣ ಇಲ್ಲ!

ಪ್ಲಾಟ್ ಫಂಕ್ಷನ್‌ಗೆ ಇನಿಷಿಯಲ್ ಟೈಮ್ ಕೊಡದಿದ್ದರೆ ಅದು ತೆರೆಯುವುದು ಡೇಟಾದ ಮೊಟ್ಟಮೊದಲ ಕ್ಷಣದಲ್ಲಿ. ಸದ್ದು ಕೇಳಿಸಿ ಮಿದುಳಿನ ಪ್ರತಿಕ್ರಿಯೆ ಅಳೆಯುವ ಇಂಥ ಪ್ರಯೋಗಗಳಲ್ಲಿ ಮೊದಲ ಕ್ಷಣ ಎಂದರೆ ಸದ್ದು ಕೇಳಿಸುವುದಕ್ಕೂ ಮುಂಚಿನದು. ಸಾಮಾನ್ಯವಾಗಿ 200 ಮಿಲಿಸೆಕೆಂಡ್ ಮುಂಚೆ. ಆಗ ಮಿದುಳಿನಲ್ಲಿ ಆ ಸದ್ದಿಗೆ ಸಂಬಂಧಪಟ್ಟದ್ದೇನೂ ಇರುವುದಿಲ್ಲ. ವರ್ಷಕ್ಕೊಮ್ಮೆ ಬಾಗಿಲು ತೆರೆಯುವ ಹಾಸನಾಂಬೆ ಗುಡಿಗೆ ಜ್ಯೇಷ್ಠ ಮಾಸದಲ್ಲಿ ಹೋಗಿ ದೇವಿ ಕಾಣಲಿಲ್ಲ ಅಂದ ಹಾಗಾಯಿತು.

ಕಿವಿಗೆ ಸದ್ದು ಬಿದ್ದ ಮೇಲೆ ಶ್ರವಣ ಪ್ರದೇಶದ ದೊಡ್ಡ ಅಲೆ ಬರುವುದು ಸುಮಾರು 80ರಿಂದ 100 ಮಿಲಿಸೆಕೆಂಡಿಗೆ. ಆದ್ದರಿಂದ ಇನಿಷಿಯಲ್ ಟೈಮ್ 0.09 ಎಂದು ಕೊಟ್ಟು ನೋಡಿ. ಅಳತೆ ಸೆಕೆಂಡಿನಲ್ಲಿ, 90 ಎಂದು ಬರೆಯಬೇಡಿ. ಊಹೆ ಬೇಡವೆಂದರೆ ಮ್ಯಾಗ್ನಿಟ್ಯೂಡ್ ತೆಗೆದು ಅದಕ್ಕೆ ಗೆಟ್ ಪೀಕ್ ಎಂದು ಕೇಳಿ. ಯಾವ ಬಿಂದುವಿನಲ್ಲಿ, ಯಾವ ಕ್ಷಣದಲ್ಲಿ ಅತಿ ಹೆಚ್ಚು ಚಟುವಟಿಕೆ ಇತ್ತು ಎಂದು ಎರಡೂ ಉತ್ತರ ಕೊಡುತ್ತದೆ. ಆ ಕ್ಷಣವನ್ನೇ ಇನಿಷಿಯಲ್ ಟೈಮ್ ಆಗಿ ಕೊಡಿ.

ಜೊತೆಗೇ ಬದಿಯನ್ನೂ ನೋಡಿ. ಹೆಮಿ ಎಂಬ ಆಯ್ಕೆ ತಾನಾಗಿಯೇ ಎಡ ಅರ್ಧಗೋಳಕ್ಕೆ ಹೊಂದಿಕೊಂಡಿರುತ್ತದೆ. ಸ್ಯಾಂಪಲ್ ಡೇಟಾದಲ್ಲಿ ಎಡಕಿವಿಗೆ ಕೇಳಿಸಿದ ಸದ್ದು ಎಂಬ ಭಾಗ ತೆಗೆದುಕೊಂಡರೆ ಪ್ರತಿಕ್ರಿಯೆ ಹೆಚ್ಚು ಜೋರಾಗಿರುವುದು ಎದುರು ಬದಿಯಲ್ಲಿ, ಅಂದರೆ ಬಲಗಡೆ. ನೀವು ಎಡಗಡೆ ನೋಡುತ್ತ ಕೂತರೆ ಬಾಣ ಕಡಿಮೆ ಕಂಡೀತು, ಕೆಲವು ಮಿತಿಗಳಲ್ಲಿ ಒಂದೂ ಕಾಣದೆ ಇದ್ದೀತು. ಬೋತ್ ಎಂದು ಕೊಟ್ಟರೆ ಎರಡೂ ಒಟ್ಟಿಗೆ, ಸ್ಪ್ಲಿಟ್ ಎಂದರೆ ಎರಡನ್ನೂ ಅಕ್ಕಪಕ್ಕದ ಬೇರೆ ಬೇರೆ ಚೌಕಟ್ಟಿನಲ್ಲಿ ತೋರಿಸುತ್ತದೆ. ನನಗೆ ಸ್ಪ್ಲಿಟ್ ಇಷ್ಟ.

ನೋಟದ ಕೋನವೂ ಅಷ್ಟೆ. ಚಿತ್ರ ತೆರೆಯುವುದು ಹೊರಬದಿಯಿಂದ. ಎರಡು ಅರ್ಧಗೋಳಗಳು ಎದುರುಬದುರಾಗುವ ಒಳಬದಿಯಲ್ಲಿ ಬಾಣಗಳಿದ್ದರೆ ಹೊರಗಿನಿಂದ ಕಾಣುವುದಿಲ್ಲ. ಬೇಲೂರಿನ ಗುಡಿಯ ಶಿಲಾಬಾಲಿಕೆಯರನ್ನು ಮುಂಬಾಗಿಲಲ್ಲಿ ನಿಂತು ಎಣಿಸಲಾಗುವುದಿಲ್ಲ, ಜಗತಿಯ ಮೇಲೆ ಸುತ್ತು ಬರಬೇಕು. ಮೌಸಿನಿಂದ ಮಿದುಳನ್ನು ಹಿಡಿದು ತಿರುಗಿಸಿ, ಇಲ್ಲವೇ ವ್ಯೂಸ್ ಆಯ್ಕೆಗೆ ಮೀಡಿಯಲ್ ಎಂದು ಕೊಡಿ. ಕಣ್ಣಿನ ಪ್ರಯೋಗದ ಡೇಟಾ ಆದರೆ ಹಿಂಬದಿಯಿಂದಲೂ ನೋಡಿ, ದೃಷ್ಟಿಯ ಮುಖ್ಯ ಪ್ರದೇಶ ಇರುವುದು ಅಲ್ಲೇ.

0.09 ಕೊಟ್ಟು ಸ್ಪ್ಲಿಟ್ ಮಾಡಿದ ಕೂಡಲೇ ಬಲಗಡೆಯ ಚೌಕಟ್ಟಿನಲ್ಲಿ ಕಿವಿಯ ಮೇಲ್ಭಾಗದ ಮಡಿಕೆಯ ಸುತ್ತ ಕೆಂಪು-ಹಳದಿ ಗೆರೆಗಳು ಹುಲ್ಲಿನ ಹಾಗೆ ಎದ್ದುನಿಂತವು. "ಬಂತು ಬಂತು" ಎಂದು ಕೂಗಿದಳು. ಒಳಗಿಂದ ಅಕ್ಕ, "ಯಾರು ಬಂದ್ರು?" ಎಂದು ಕೇಳಿದಳು.

ಇದೆ, ಆದರೆ ಸಾಸಿವೆಯಷ್ಟು

ಇಲ್ಲಿಂದ ಮುಂದಿನದು ಅವಳದಲ್ಲ, ನನ್ನ ಕತೆ. ಒಂದು ಸ್ಕ್ರಿಪ್ಟಿನಲ್ಲಿ ಬಾಣ ಅಂದವಾಗಿ ಬರುತ್ತಿತ್ತು. ಅದನ್ನೇ ನಕಲು ಮಾಡಿ, ಲೆಕ್ಕದ ವಿಧಾನವನ್ನು ಡಿಎಸ್‌ಪಿಎಂ ಬದಲು ಎಂಎನ್‌ಇ (ಸಾಫ್ಟ್‌ವೇರಿನ ಹೆಸರೇ ಇರುವ ಒಂದು ವಿಧಾನ) ಎಂದು ಮಾಡಿದೆ. ಬಾಣ ಮಾಯ. ಅರ್ಧ ದಿನ ತಲೆ ಕೆರೆದುಕೊಂಡ ಮೇಲೆ ಗೊತ್ತಾದದ್ದು ಬಹಳ ಸರಳ. ಡಿಎಸ್‌ಪಿಎಂ ಕೊಡುವುದು ಗದ್ದಲಕ್ಕೆ ಹೋಲಿಸಿದ ಅಂಕಿ, ಘಟಕವಿಲ್ಲ, 5 ಅಥವಾ 10ರ ಆಸುಪಾಸು. ಎಂಎನ್‌ಇ ವಿಧಾನ ಕೊಡುವುದು ಆಂಪಿಯರ್-ಮೀಟರ್‌ನಲ್ಲಿ, ದಶಮಾಂಶದ ಬಿಂದುವಾದ ಮೇಲೆ ಎಂಟು ಒಂಬತ್ತು ಸೊನ್ನೆ ದಾಟಿ ಬರುವ ಅಂಕಿ. ನಾನು ಮೊದಲನೆಯದಕ್ಕೆಂದು ಬಾಣದ ಉದ್ದ ಗೊತ್ತುಮಾಡುವ ಸ್ಕೇಲ್ ಫ್ಯಾಕ್ಟರನ್ನು ಕೈಯಾರೆ ಗಟ್ಟಿ ಮಾಡಿಟ್ಟಿದ್ದೆ. ಅದೇ ಎರಡನೆಯದಕ್ಕೂ ಬಿತ್ತು. ಬಾಣಗಳು ತಮ್ಮ ತಮ್ಮ ಜಾಗದಲ್ಲೇ ಇದ್ದವು, ಕಣ್ಣಿಗೆ ಕಾಣುವ ಉದ್ದ ಇರಲಿಲ್ಲ.

ಹಾಗಾಗಿ ಸ್ಕೇಲ್ ಫ್ಯಾಕ್ಟರ್ ಎಂದು ಎಲ್ಲಾದರೂ ಬರೆದಿದ್ದರೆ ಮೊದಲು ಅದನ್ನು ಅಳಿಸಿ. ಏನೂ ಕೊಡದಿದ್ದರೆ ಸಾಫ್ಟ್‌ವೇರು ಮಿದುಳಿನ ಅಗಲ ಮತ್ತು ಬಣ್ಣದ ಪಟ್ಟಿಯ ಮೇಲ್ಮಿತಿ ಎರಡನ್ನೂ ನೋಡಿ ಉದ್ದವನ್ನು ತಾನೇ ಗೊತ್ತುಮಾಡುತ್ತದೆ. ಇಲ್ಲಿ ಒಂದು ಸೂಕ್ಷ್ಮ ಇದೆ. ಉದ್ದ ನಿಲ್ಲುವುದು ಪಟ್ಟಿಯ ಮೇಲ್ಮಿತಿಯ ಮೇಲೆ ಎಂದ ಮೇಲೆ, ನೀವು ಸಿ-ಲಿಮ್ ಆಯ್ಕೆಯಲ್ಲಿ ಮೇಲ್ಮಿತಿಯನ್ನು ಡೇಟಾದಲ್ಲಿಲ್ಲದ ಎತ್ತರಕ್ಕೆ ಏರಿಸಿದರೆ ಬಾಣಗಳೆಲ್ಲ ಕುಗ್ಗುತ್ತವೆ. ಬಣ್ಣ ಮಸುಕಾಯಿತೆಂದು ಮಿತಿ ಬದಲಿಸಲು ಹೋಗಿ ಬಾಣ ಕಳೆದುಕೊಂಡವರನ್ನು ಕಂಡಿದ್ದೇನೆ. ಡೇಟಾದ ಗರಿಷ್ಠ ಅಂಕಿಯನ್ನು ಪ್ರಿಂಟ್ ಮಾಡಿ ನೋಡಿ, ಆಮೇಲೆ ಮಿತಿ ಮುಟ್ಟಿ.

ಎಂಎನ್‌ಇ ಮೂರು ಆಯಾಮದ ಚಿತ್ರಕ್ಕೆ ಬಳಸುವ ಪೈವಿಸ್ಟಾ ಎಂಬ ಪ್ಯಾಕೇಜಿನಲ್ಲಿ ಸ್ವಂತ ಕೋಡು ಬರೆದು ಬಾಣ ಬಿಡಿಸುವವರಿಗೆ ಇನ್ನೊಂದು ಹಳ್ಳವಿದೆ. ಎಂಆರ್‌ಐಯಿಂದ ಮಿದುಳಿನ ಆಕಾರ ಕಟ್ಟುವ ಫ್ರೀಸರ್ಫರ್‌ನ ಮೇಲ್ಮೈ ಫೈಲುಗಳು ಮಿಲಿಮೀಟರಿನಲ್ಲಿರುತ್ತವೆ. ಎಂಎನ್‌ಇ ತನ್ನೊಳಗೆ ಬಿಂದುಗಳನ್ನು ಇಟ್ಟುಕೊಳ್ಳುವುದು ಮೀಟರಿನಲ್ಲಿ. ಎರಡನ್ನೂ ಒಂದೇ ಚಿತ್ರಕ್ಕೆ ಸುರಿದರೆ 0.17 ಮೀಟರ್ ಉದ್ದದಲ್ಲಿ ಹರಡಬೇಕಿದ್ದ ಬಾಣಗಳೆಲ್ಲ 0.17 ಮಿಲಿಮೀಟರಿನ ಜಾಗದಲ್ಲಿ, ಮಿದುಳಿನ ನಡುಮಧ್ಯೆ ಗುಂಡುಪಿನ್ನಿನ ತಲೆಗಿಂತ ಚಿಕ್ಕದಾಗಿ ಗುಂಪಾಗಿ ಕೂರುತ್ತವೆ. ಮೇಲ್ಮೈಯನ್ನು ತೆಗೆದುಹಾಕಿ ಬಾಣಗಳನ್ನು ಮಾತ್ರ ಬಿಡಿಸಿ ನೋಡಿ. ಆಗ ಕ್ಯಾಮೆರಾ ಅವುಗಳ ಹತ್ತಿರಕ್ಕೆ ತಾನೇ ಹೋಗುತ್ತದೆ, ಎಲ್ಲ ಸರಿಯಾಗಿಯೇ ಕಾಣುತ್ತದೆ. ಒಂಟಿಯಾಗಿ ಕಂಡು ಜೊತೆಯಲ್ಲಿ ಕಾಣದಿದ್ದರೆ ಬಿಂದುಗಳನ್ನು 1000ದಿಂದ ಗುಣಿಸಿ.

ಮರೆಯಲ್ಲಿರುವ ಬಾಣ

ಬಾಣಗಳು ಮೇಲ್ಮೈಯಿಂದ ಹೊರಕ್ಕೂ ಚಾಚಬಹುದು, ಒಳಕ್ಕೂ ಚಾಚಬಹುದು. ಮಿದುಳಿನ ಬಹುಪಾಲು ಹೊದಿಕೆ ಇರುವುದೇ ಮಡಿಕೆಗಳ ಒಳಗೆ, ಅಲ್ಲಿನ ಬಾಣಗಳು ಪಕ್ಕದ ಗೋಡೆಯ ಹಿಂದೆ ಅಡಗುತ್ತವೆ. ಅದಕ್ಕೇ ವೆಕ್ಟರ್ ಚಿತ್ರದಲ್ಲಿ ಬ್ರೇನ್ ಆಲ್ಫಾ ಎಂಬ ಪಾರದರ್ಶಕತೆಯನ್ನು 0.4ಕ್ಕೆ ಇಟ್ಟಿರುತ್ತಾರೆ. ಚಿತ್ರ ಗಟ್ಟಿಯಾಗಿ ಕಾಣಲಿ ಎಂದು ಯಾರಾದರೂ ಅದನ್ನು 1 ಮಾಡಿದರೆ ಅರ್ಧಕ್ಕರ್ಧ ಬಾಣ ನುಂಗಿಹೋಗುತ್ತದೆ. 0.2ಕ್ಕೆ ಇಳಿಸಿ ಒಮ್ಮೆ ನೋಡಿ. ವೆಕ್ಟರ್ ಆಲ್ಫಾ ಎಂಬುದು ಬಾಣದ್ದೇ ಪಾರದರ್ಶಕತೆ, ಅದು 1 ಇರಲಿ. ಈ ಎರಡು ಆಲ್ಫಾಗಳನ್ನು ಅದಲುಬದಲು ಮಾಡಿಕೊಳ್ಳುವುದು ಬಲು ಸುಲಭ.

ಮಿತಿಯ ಮರೆಯೂ ಉಂಟು. ಸಿ-ಲಿಮ್ ಕೊಡದಿದ್ದಾಗ ಬಣ್ಣದ ಪಟ್ಟಿಯ ಮೂರು ಬಿಂದುಗಳು ಡೇಟಾದ 96, 97.5 ಮತ್ತು 99.95ನೇ ಶೇಕಡಾಂಶಗಳಲ್ಲಿ ನಿಲ್ಲುತ್ತವೆ. ಟ್ರಾನ್ಸ್‌ಪರೆಂಟ್ ಆಯ್ಕೆ ಚಾಲೂ ಇದ್ದರೆ ಕೆಳಮಿತಿಗಿಂತ ಕಡಿಮೆ ಇರುವುದೆಲ್ಲ ಪಾರದರ್ಶಕ. ಈ ಲೆಕ್ಕ ಇಡೀ ಅವಧಿಯ ಡೇಟಾದ ಮೇಲೆ ಆಗುವುದರಿಂದ, ಎಲ್ಲೋ ಒಂದು ಕಡೆ ಕಣ್ಣು ಮಿಟುಕಿಸಿದ ದೊಡ್ಡ ಉಬ್ಬು ಉಳಿದುಕೊಂಡಿದ್ದರೆ ಅದು ಮಿತಿಯನ್ನು ಎತ್ತಿಬಿಡುತ್ತದೆ, ನಿಮಗೆ ಬೇಕಾದ ಸಣ್ಣ ಅಲೆ ಕೆಳಗೆ ಮುಳುಗುತ್ತದೆ. ಹಾಗೆ ಅನುಮಾನ ಬಂದರೆ ಟ್ರಾನ್ಸ್‌ಪರೆಂಟ್ ಆಯ್ಕೆಯನ್ನು ಫಾಲ್ಸ್ ಮಾಡಿ. ಆಗ ಬಾಣದ ಕಾಡೇ ಎದ್ದು ಬಂದರೆ ತೊಂದರೆ ಮಿತಿಯದು ಎಂದು ಖಚಿತ.

ಬಣ್ಣದ ವಿಷಯ ಚುಟುಕಾಗಿ: ಹಾಟ್ ಎಂಬ ಬಣ್ಣಮಾಲೆ ಶುರುವಾಗುವುದು ಕಪ್ಪಿನಿಂದ, ಹಿನ್ನೆಲೆಯೂ ಕಪ್ಪು. ಬ್ಯಾಕ್‌ಗ್ರೌಂಡಿಗೆ ವೈಟ್ ಕೊಟ್ಟು ನೋಡಿ. ಬಾಣಗಳನ್ನು ತೆಳುವಾದ ಗೆರೆಗಳಲ್ಲಿ ಬಿಡಿಸುವುದರಿಂದ ದೂರದಿಂದ ಅವು ಕೂದಲಿನಂತೆ ಕಾಣುತ್ತವೆ, ಝೂಮ್ ಮಾಡದೆ ಇಲ್ಲವೆಂದು ತೀರ್ಮಾನಿಸಬೇಡಿ. ಇನ್ನೊಂದು ಮಾತು, ಬಣ್ಣ ಮೇಲ್ಮೈಯ ಉದ್ದಕ್ಕೂ ಸವರಿದಂತೆ ಹರಡಿದರೂ ಬಾಣ ಬರುವುದು ಲೆಕ್ಕ ಹಾಕಿದ ಬಿಂದುಗಳಲ್ಲಿ ಮಾತ್ರ. ಬಣ್ಣ ಇರುವಲ್ಲೆಲ್ಲ ಬಾಣ ನಿರೀಕ್ಷಿಸಬೇಡಿ. ಉಬ್ಬಿಸಿದ ಮಿದುಳು, ಅಂದರೆ ಇನ್‌ಫ್ಲೇಟೆಡ್ ಮೇಲ್ಮೈಯ ಮೇಲೂ ಬಾಣ ಇಡಬೇಡಿ. ಬಾಣದ ದಿಕ್ಕು ನಿಜವಾದ ತಲೆಯ ಲೆಕ್ಕದ್ದು, ಮೇಲ್ಮೈ ಬಲೂನಿನದ್ದು. ವೈಟ್ ಇಲ್ಲವೇ ಪಿಯಲ್, ಅಂದರೆ ಮಿದುಳಿನ ಹೊದಿಕೆಯ ಒಳ ಇಲ್ಲವೇ ಹೊರ ಮೇಲ್ಮೈ ಸಾಕು.

ಈಗ ಬೇಕಾದರೆ ಕಂಪ್ಯೂಟರನ್ನು ಬೈಯಿರಿ

ಹಬ್ಬ ಮುಗಿಯುವ ಮುನ್ನ ಅವಳ ಗಂಟು ಮತ್ತೊಂದು ರೂಪದಲ್ಲಿ ಎದ್ದಿತು. ತನ್ನ ಲ್ಯಾಪ್‌ಟಾಪಿನಲ್ಲಿ ಸರಿಹೋದದ್ದನ್ನು ಮನೆಯಿಂದಲೇ ಲ್ಯಾಬಿನ ಕಂಪ್ಯೂಟರಿಗೆ ರಿಮೋಟ್‌ನಲ್ಲಿ ಸೇರಿ ಓಡಿಸಿದಳು. ಅಲ್ಲಿ ಮಿದುಳು ಇದೆ, ಬಾಣಗಳು ಅರ್ಧ ಇವೆ ಅರ್ಧ ಇಲ್ಲ, ತಿರುಗಿಸಿದಾಗ ಮಿಣುಕುತ್ತವೆ. ಇದು ಡೇಟಾದ ದೋಷವಾಗಿರಲು ಸಾಧ್ಯವಿಲ್ಲ, ಏಕೆಂದರೆ ಡೇಟಾ ಅದೇ.

ಮೊದಲು ಎಂಎನ್‌ಇಯ ಸಿಸ್ ಇನ್ಫೋ ಫಂಕ್ಷನ್ ಓಡಿಸಿ. ಪೈವಿಸ್ಟಾ ಎಂಬ ಸಾಲಿನಲ್ಲಿ ಓಪನ್‌ಜಿಎಲ್ (ಗ್ರಾಫಿಕ್ಸ್ ಬಿಡಿಸುವ ವ್ಯವಸ್ಥೆ) ಯಾವ ಆವೃತ್ತಿ, ಯಾರ ಮೂಲಕ ಎಂದು ಬರೆದಿರುತ್ತದೆ. ಪೈವಿಸ್ಟಾದ ಕೆಳಗೆ ದುಡಿಯುವ ವಿಟಿಕೆಗೆ ಓಪನ್‌ಜಿಎಲ್ 3.2 ಇರಲೇಬೇಕು. ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪಿನಲ್ಲಿ ಕೆಲವೊಮ್ಮೆ 1.1 ಮಾತ್ರ ಸಿಗುತ್ತದೆ. ಲಿನಕ್ಸ್‌ನಲ್ಲಿ ಮೆಸಾ ಎಂದು ಕಂಡರೆ, ಅದರ ಜೊತೆ ಎಲ್‌ಎಲ್‌ವಿಎಂಪೈಪ್ ಎಂಬ ಹೆಸರೂ ಇದ್ದರೆ, ಗ್ರಾಫಿಕ್ಸ್ ಕಾರ್ಡು ಕೆಲಸ ಮಾಡುತ್ತಿಲ್ಲ, ಪ್ರೊಸೆಸರೇ ಚಿತ್ರ ಬಿಡಿಸುತ್ತಿದೆ ಎಂದರ್ಥ.

ಆಮೇಲೆ ಮಿದುಳನ್ನು ಪಕ್ಕಕ್ಕಿಟ್ಟು ಪೈವಿಸ್ಟಾದಲ್ಲಿ ಒಂದೇ ಒಂದು ಬಾಣ ಬಿಡಿಸಿ. ಆರೋ ಎಂಬ ಸಿದ್ಧ ವಸ್ತು ಇದೆ, ಅದನ್ನು ಪ್ಲಾಟ್ ಮಾಡಿದರೆ ಸಾಕು. ಅದೂ ಬರದಿದ್ದರೆ ಎಂಎನ್‌ಇಯನ್ನು ದೂರಬೇಕಿಲ್ಲ, ಡ್ರೈವರಿನ ಕಡೆ ತಿರುಗಿ. ಒಂಟಿ ಬಾಣ ಬಂದು ಮಿದುಳಿನ ಮೇಲಿನದು ಮಾತ್ರ ಹಾಳಾದರೆ ಅನುಮಾನ ಪಾರದರ್ಶಕತೆಯ ಮೇಲೆ. ಒಂದರ ಹಿಂದೆ ಒಂದಿರುವ ಪಾರದರ್ಶಕ ಪದರಗಳನ್ನು ಸರಿಯಾದ ಕ್ರಮದಲ್ಲಿ ಬಿಡಿಸಲು ಡೆಪ್ತ್ ಪೀಲಿಂಗ್ ಎಂಬ ತಂತ್ರ ಬಳಸುತ್ತಾರೆ. ಪ್ರೊಸೆಸರಿನಿಂದಲೇ ಚಿತ್ರ ಬಿಡಿಸುವ ಯಂತ್ರಗಳಲ್ಲಿ ಅದು ಕೈಕೊಡುತ್ತದೆ. ಸೆಟ್ 3ಡಿ ಆಪ್ಷನ್ಸ್ ಎಂಬ ಫಂಕ್ಷನ್‌ನಲ್ಲಿ ಡೆಪ್ತ್ ಪೀಲಿಂಗ್ ಮತ್ತು ಅಂಚನ್ನು ನಯಗೊಳಿಸುವ ಆಂಟಿಏಲಿಯಾಸ್ ಎರಡನ್ನೂ ಫಾಲ್ಸ್ ಮಾಡಿ ಮತ್ತೆ ತೆರೆಯಿರಿ. ಚಿತ್ರದ ಅಂಚು ಸ್ವಲ್ಪ ಒರಟಾಗುತ್ತದೆ, ಬಾಣ ಬರುತ್ತದೆ. ಅವಳಿಗೆ ಇಷ್ಟರಲ್ಲೇ ಸರಿಹೋಯಿತು.

ತೆರೆಯೇ ಇಲ್ಲದ ಸರ್ವರಿನಲ್ಲಿ ಓಡಿಸುವವರು ಎಕ್ಸ್‌ವಿಎಫ್‌ಬಿ ಎಂಬ ಹುಸಿ ತೆರೆಯ ಮೂಲಕ ಓಡಿಸಬೇಕಾಗುತ್ತದೆ. ಇಷ್ಟೂ ಆಗಿ ಏನೂ ಸಾಗದಿದ್ದರೆ ಪೈಥಾನಿನ ಹೊಸ ಎನ್ವಿರಾನ್‌ಮೆಂಟ್ ಮಾಡಿ ಹೊಸದಾಗಿ ಇನ್‌ಸ್ಟಾಲ್ ಮಾಡಿ. ಹಳೆಯದರ ಮೇಲೇ ಹೇರುವುದು ಬೇಡ. ಹಳೆಯ ಟಿಪ್ಪಣಿಗಳಲ್ಲಿ ಹಿಂದೆ ಚಿತ್ರ ಬಿಡಿಸಲು ಬಳಸುತ್ತಿದ್ದ ಮಾಯಾವಿ ಪ್ಯಾಕೇಜ್ ಇನ್‌ಸ್ಟಾಲ್ ಮಾಡಿ ಎಂದಿದ್ದರೆ ಬಿಟ್ಟುಬಿಡಿ, ಎಂಎನ್‌ಇ ಈಗ ನಿಂತಿರುವುದು ಪೈವಿಸ್ಟಾದ ಮೇಲೆ.

ಚಪ್ಪಟೆ ಚಿತ್ರದ ಬಾಣಗಳು

ಮೂರು ಆಯಾಮದ ಮಿದುಳಲ್ಲದೆ, ತಲೆಯನ್ನು ಮೇಲಿನಿಂದ ನೋಡಿದಂಥ ಚಪ್ಪಟೆ ನಕ್ಷೆಯಲ್ಲೂ ಬಾಣ ಬಿಡಿಸಬಹುದು. ಪ್ಲಾಟ್ ಆರೋಮ್ಯಾಪ್ ಅದಕ್ಕೆಂದೇ ಇದೆ. ಅದರ ಹಿಂದಿನ ಲೆಕ್ಕವನ್ನು ಹೊಸಾಕಾ ಮತ್ತು ಕೊಹೆನ್ 1976ರಲ್ಲಿ ಕೊಟ್ಟದ್ದು ಹೃದಯದ ಕಾಂತಕ್ಷೇತ್ರಕ್ಕೆ. ಮಿದುಳಿನವರು ಎರವಲು ಪಡೆದರು. ಇದು ಕಾಂತಕ್ಷೇತ್ರದ ಅಳತೆಗೆ ಹೇಳಿ ಮಾಡಿಸಿದ್ದು, ವಿದ್ಯುತ್ ಅಳೆಯುವ ಇಇಜಿ ಚಾನೆಲ್ಲುಗಳನ್ನು ಇದಕ್ಕೆ ಉಣಿಸಬೇಡಿ. ಒಂದು ಸಲಕ್ಕೆ ಒಂದು ಬಗೆಯ ಸಂವೇದಕ, ಒಂದು ಕ್ಷಣ.

ಇಲ್ಲಿ ಬಾಣ ಬಿಡಿಸುವುದು ಮ್ಯಾಟ್‌ಪ್ಲಾಟ್‌ಲಿಬ್‌ನ ಕ್ವಿವರ್ ಎಂಬ ಫಂಕ್ಷನ್. ಕ್ವಿವರ್ ಎಂದರೆ ಬತ್ತಳಿಕೆ, ಹೆಸರಿಟ್ಟವರಿಗೆ ಒಂದು ನಮಸ್ಕಾರ. ಆದರೆ ಈ ಬತ್ತಳಿಕೆಯಲ್ಲಿ ಸ್ಕೇಲ್ ಎಂಬುದು ಉಲ್ಟಾ ಕೆಲಸ ಮಾಡುತ್ತದೆ. ಮೂರು ಆಯಾಮದ ಚಿತ್ರದಲ್ಲಿ ಸ್ಕೇಲ್ ಫ್ಯಾಕ್ಟರ್ ಹೆಚ್ಚಿಸಿದರೆ ಬಾಣ ಬೆಳೆಯುತ್ತದೆ. ಕ್ವಿವರ್‌ನಲ್ಲಿ ಸ್ಕೇಲ್ ಹೆಚ್ಚಿಸಿದರೆ ಬಾಣ ಕುಗ್ಗುತ್ತದೆ. ಅಲ್ಲಿ ಸ್ಕೇಲ್ ಹೇಳುವುದು ಒಂದು ಅಳತೆಯ ಉದ್ದಕ್ಕೆ ಎಷ್ಟು ಡೇಟಾ ಎಂಬುದನ್ನು. ಭೂಪಟದಲ್ಲಿ ಒಂದು ಸೆಂಟಿಮೀಟರಿಗೆ 10 ಕಿಲೋಮೀಟರ್ ಬದಲು 100 ಎಂದರೆ ಹಾಸನದಿಂದ ಬೇಲೂರಿನ ದಾರಿ ಗಿಡ್ಡವಾಗುವುದಿಲ್ಲವೇ, ಹಾಗೆ.

ಎಂಇಜಿಯ ಅಂಕಿಗಳು ಟೆಸ್ಲಾದಲ್ಲಿ ಎಷ್ಟು ಚಿಕ್ಕವೆಂದರೆ ಆರೋಮ್ಯಾಪ್ ತಾನಾಗಿ ಇಟ್ಟುಕೊಳ್ಳುವ ಸ್ಕೇಲು 3ನ್ನು ಸಾವಿರ ಕೋಟಿಯಿಂದ ಭಾಗಿಸಿದಷ್ಟು. "ಇದೇನು ವಿಚಿತ್ರ ಅಂಕಿ" ಎಂದು ಅದರ ಜಾಗಕ್ಕೆ 1 ಹಾಕಿದರೆ ಬಾಣಗಳೆಲ್ಲ ಹೋಗಿ ಚುಕ್ಕಿಗಳಾಗುತ್ತವೆ. ಚುಕ್ಕಿಗಳನ್ನು ಕಂಡರೆ ಖುಷಿಪಡಿ. ಬಾಣದ ಉದ್ದ ಕನಿಷ್ಠಕ್ಕಿಂತ ಕಡಿಮೆಯಾದಾಗ ಕ್ವಿವರ್ ಅದರ ಬದಲು ಪುಟ್ಟ ಷಟ್ಕೋನದ ಚುಕ್ಕಿ ಇಡುತ್ತದೆ. ಚುಕ್ಕಿ ಇದೆ ಎಂದರೆ ಡೇಟಾ ಇದೆ, ಸ್ಕೇಲ್ ಮಾತ್ರ ತಪ್ಪಿದೆ. ಚುಕ್ಕಿಯೂ ಇಲ್ಲದಿದ್ದರೆ ಆ ಜಾಗದಲ್ಲಿ ನ್ಯಾನ್, ಅಂದರೆ ಸಂಖ್ಯೆಯೇ ಅಲ್ಲದ ಬೆಲೆ ಕೂತಿದೆಯೇ ನೋಡಿ, ಅಂಥವನ್ನು ಕ್ವಿವರ್ ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಇನ್ನು ಡೇಟಾವನ್ನು ಮೊದಲೇ ಫೆಮ್ಟೋಟೆಸ್ಲಾಕ್ಕೆ ಬದಲಿಸಿಕೊಂಡು ಸ್ಕೇಲನ್ನು ಹಾಗೇ ಬಿಟ್ಟರೆ ಬಾಣಗಳು ಚೌಕಟ್ಟು ಹರಿದುಕೊಂಡು ಹೊರಗೆ ಹೋಗುತ್ತವೆ, ಒಳಗೆ ಉಳಿಯುವುದು ಗೆರೆಗಳು ಮಾತ್ರ.

ಡೈಪೋಲ್, ಅಂದರೆ ಒಂದೇ ಬಿಂದುವಿನ ಪ್ರವಾಹದ ಜಾಗಗಳನ್ನು ಪ್ಲಾಟ್ ಲೊಕೇಷನ್ಸ್‌ನಿಂದ ಬಿಡಿಸುವವರಿಗೆ ಒಂದೇ ಮಾತು: ಮೋಡ್ ಆಯ್ಕೆಯಲ್ಲಿ ಸ್ಫಿಯರ್ ಎಂದಿದ್ದರೆ ಗುಂಡು ಬರುತ್ತದೆ, ಆರೋ ಎಂದು ಬದಲಿಸಿ.

ಸಂಪರ್ಕ ಜಾಲದಲ್ಲಿ ಬಾಣದ ತಲೆ ಇಲ್ಲದಿದ್ದರೆ

ಮಿದುಳಿನ ಭಾಗಗಳ ನಡುವಿನ ಸಂಪರ್ಕ ತೋರಿಸಲು ನೈಲರ್ನ್ ಎಂಬ ಇನ್ನೊಂದು ಪೈಥಾನ್ ಪ್ಯಾಕೇಜಿನ ಪ್ಲಾಟ್ ಕನೆಕ್ಟೋಮ್ ಬಳಸುವವರ ದೂರು ಬೇರೆ: ಗೆರೆ ಬರುತ್ತದೆ, ಬಾಣದ ತಲೆ ಬರುವುದಿಲ್ಲ. ಕೊಟ್ಟ ಮ್ಯಾಟ್ರಿಕ್ಸ್ ಸಮ್ಮಿತವಾಗಿದ್ದರೆ, ಅಂದರೆ ಅಡ್ಡಸಾಲು ನೀಟಸಾಲು ಅದಲುಬದಲು ಮಾಡಿದರೂ ಅದೇ ಉಳಿದರೆ, ನೈಲರ್ನ್ ಅದನ್ನು ದಿಕ್ಕಿಲ್ಲದ ಜಾಲ ಎಂದು ತಿಳಿದು ಬರೀ ಗೆರೆ ಎಳೆಯುತ್ತದೆ. ಕೋರಿಲೇಷನ್ ಲೆಕ್ಕ ಯಾವಾಗಲೂ ಸಮ್ಮಿತವೇ. ಮೊದಲ ಭಾಗಕ್ಕೂ ಎರಡನೆಯದಕ್ಕೂ ಇರುವ ಹೊಂದಿಕೆ, ಎರಡನೆಯದಕ್ಕೂ ಮೊದಲನೆಯದಕ್ಕೂ ಇರುವ ಹೊಂದಿಕೆಯೇ ತಾನೆ. ಅದರಿಂದ ಬಾಣ ಕೇಳುವುದೇ ತಪ್ಪು. ಗ್ರೇಂಜರ್ ಕಾಸಾಲಿಟಿಯಂಥ ದಿಕ್ಕುಳ್ಳ ಅಳತೆ ಬಳಸಿದ್ದೂ ಬಾಣ ಬಾರದಿದ್ದರೆ ಮ್ಯಾಟ್ರಿಕ್ಸಿನಿಂದ ಅದರ ಟ್ರಾನ್ಸ್‌ಪೋಸನ್ನು, ಅಂದರೆ ಸಾಲು ಅದಲುಬದಲಾದ ರೂಪವನ್ನು ಕಳೆದು ನೋಡಿ. ಎಲ್ಲ ಸೊನ್ನೆ ಬಂದರೆ ದಾರಿಯಲ್ಲಿ ಯಾರೋ ಎರಡರ ಸರಾಸರಿ ತೆಗೆದಿದ್ದಾರೆ. ಯಾರೋ ಎಂದರೆ ಸಾಮಾನ್ಯವಾಗಿ ನೀವೇ, ಹಿಂದಿನ ವಾರ.

ಬಾಣ ಬಂದ ಮೇಲೂ ಅದು ಅಡ್ಡಸಾಲಿನಿಂದ ನೀಟಸಾಲಿಗೋ, ಹಿಮ್ಮುಖವೋ ಎಂದು ಊಹಿಸಬೇಡಿ. ಎರಡೇ ಬಿಂದುಗಳ, ಒಂದೇ ಒಂದು ಬೆಲೆಯ ಮ್ಯಾಟ್ರಿಕ್ಸ್ ಮಾಡಿ ಬಿಡಿಸಿ, ಬಾಣ ಎತ್ತ ತಿರುಗಿತು ನೋಡಿಕೊಂಡು ಮುಂದೆ ಹೋಗಿ. ಎಡ್ಜ್ ಥ್ರೆಶೋಲ್ಡ್ ಶೇಕಡಾ 95ರಂಥ ಎತ್ತರದಲ್ಲಿದ್ದರೆ ಬಹುಪಾಲು ಗೆರೆಗಳೇ ಉಳಿಯುವುದಿಲ್ಲ, ಅದನ್ನೂ ಇಳಿಸಿ.

ಉಳಿಸುವಾಗ, ಸಹಾಯ ಕೇಳುವಾಗ

ತೆರೆಯಲ್ಲಿ ಕಂಡ ಬಾಣ ಪ್ರಬಂಧದ ಪುಟದಲ್ಲಿ ಕಾಣೆಯಾಗುವುದೂ ಉಂಟು. ಗೆರೆಯ ದಪ್ಪ ಪಿಕ್ಸೆಲಿನ ಲೆಕ್ಕದ್ದು. ಕಿಟಕಿಯ ಸೈಜನ್ನು 800ರಿಂದ 3000ಕ್ಕೆ ಏರಿಸಿ ಚಿತ್ರ ಉಳಿಸಿ, ಆಮೇಲೆ ಅದನ್ನು ಅಂಗೈ ಅಗಲಕ್ಕೆ ಕುಗ್ಗಿಸಿ ಮುದ್ರಿಸಿದರೆ ಎರಡು ಪಿಕ್ಸೆಲಿನ ಗೆರೆ ಎಲ್ಲಿ ಉಳಿದೀತು? ಸೈಜ್ ಮಿತವಾಗಿಡಿ, ಬಾಣದ ಉದ್ದ ಸ್ವಲ್ಪ ಹೆಚ್ಚಿಸಿ, ಬೇಕಾದ ಭಾಗಕ್ಕೆ ಝೂಮ್ ಮಾಡಿ ಉಳಿಸಿ.

ಇಷ್ಟೆಲ್ಲ ಮಾಡಿಯೂ ಬಗೆಹರಿಯದೆ ಬೇರೆಯವರನ್ನು ಕೇಳಬೇಕಾಗಿ ಬಂದರೆ ಅದೇ ತೊಂದರೆಯನ್ನು ಸ್ಯಾಂಪಲ್ ಡೇಟಾದಲ್ಲಿ ಮರುಕಳಿಸಲು ನೋಡಿ. ಅಲ್ಲಿ ಬಾಣ ಬಂದರೆ ತಪ್ಪು ನಿಮ್ಮ ಡೇಟಾದ ಹಾದಿಯಲ್ಲಿದೆ. ಬರದಿದ್ದರೆ ಹತ್ತು ಸಾಲಿನ ಆ ಕೋಡು, ಸಿಸ್ ಇನ್ಫೋ ಕೊಟ್ಟ ಪೂರ್ತಿ ಉತ್ತರ, ಒಂದು ಸ್ಕ್ರೀನ್‌ಶಾಟ್ ಕೊಡಿ. ನಿಜವಾದ ರೋಗಿಯ ಫೈಲನ್ನು ಯಾರಿಗೂ ಹಾಗೇ ಕಳಿಸಬೇಡಿ. ಎಂಇಜಿ ಡೇಟಾ ಇಡುವ ಫಿಫ್ ಫೈಲಿನೊಳಗೆ ಹೆಸರು, ಹುಟ್ಟಿದ ದಿನ, ಅಳತೆಯ ದಿನಾಂಕ ಕೂತಿರಬಹುದು, ಆನಾನಿಮೈಸ್ ಎಂಬ ಫಂಕ್ಷನ್ ಅವನ್ನು ಒರೆಸುತ್ತದೆ. ಎಂಆರ್‌ಐ ಜೊತೆಗಿದ್ದರೆ ಇನ್ನೂ ಎಚ್ಚರ, ಅದರಿಂದ ಮುಖವನ್ನೇ ಮತ್ತೆ ಕಟ್ಟಬಹುದು.

ಬೆಂಗಳೂರು ಬಸ್ಸು ಹತ್ತುವ ಮುಂಚೆ ಅಕ್ಕನ ಮಗಳು ತನ್ನ ಸ್ಕ್ರಿಪ್ಟಿನ ತಲೆಯಲ್ಲಿ ಎರಡು ಸಾಲು ಸೇರಿಸಿದಳು. ಒಂದು ಶೇಪ್ ಪ್ರಿಂಟ್ ಮಾಡುವುದು, ಇನ್ನೊಂದು ಗರಿಷ್ಠ ಬೆಲೆ ಪ್ರಿಂಟ್ ಮಾಡುವುದು. ಅದರ ಪಕ್ಕದಲ್ಲಿ ಕಾಮೆಂಟು ಬೇರೆ: "ಮಾವನಿಗೆ ಫೋನ್ ಮಾಡುವ ಮುಂಚೆ".